ಬಲಭುಜದ ಪರಿಹಾರ

ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ಯಾರೂ ಮೊದಲು ಒಲೆ ಆರಿಸುವುದಿಲ್ಲ. ಯಾರ ತಪ್ಪು ಎಂಬುದು ಮೊದಲು ತೀರ್ಮಾನವಾಗಬೇಕು. ಅಷ್ಟರಲ್ಲಿ ಹಾಲೇ ಮುಗಿದಿರುತ್ತದೆ. ಇಂಥ ಮನೆಯವಳಾದ ನಾನು, ತಪ್ಪು ಯಾರದೆಂದು ಕೇಳದೆಯೇ ಪರಿಹಾರ ಕೊಡುವ ಕಾನೂನೊಂದು ಲೋಕದಲ್ಲಿದೆ ಎಂದು ಮೊಬೈಲಿನಲ್ಲಿ ಓದಿ ಬೆರಗಾಗಿ ಕೂತುಬಿಟ್ಟೆ. ಅದೂ ಎಂಥದ್ದಕ್ಕೆ? ಲಸಿಕೆಯ ಸೂಜಿ ತುಸು ಮೇಲೆ ಚುಚ್ಚಿ ಭುಜ ಹಿಡಿದುಕೊಂಡಿದ್ದಕ್ಕೆ! ಅಮೆರಿಕದಲ್ಲಿ ಆ ನೋವಿಗೆ ಒಂದು ಹೆಸರೇ ಇದೆ, ಅದನ್ನು ವಿಚಾರಿಸುವುದಕ್ಕೆ ಕೋರ್ಟೂ ಇದೆಯಂತೆ. ನನ್ನ ನೋವಿಗೆ ನಮ್ಮತ್ತೆ ಇಟ್ಟಿದ್ದ ಹೆಸರು 'ನಾಟಕ'.

ಆನಂದಪುರದ ಬಸ್ ಸ್ಟ್ಯಾಂಡಿನಲ್ಲಿ ನಾಯಿ ಕಚ್ಚಿದ್ದು ನನ್ನ ಕಾಲಿಗೆ, ಇಂಜೆಕ್ಷನ್ ತೋಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ರವಿಕೆಯ ಬಿಗಿ ತೋಳು ಮೇಲೆ ಸರಿಯಲಿಲ್ಲವೆಂದು ಕುತ್ತಿಗೆಯ ಕಡೆಯಿಂದ ಜಗ್ಗಿ ಹಿಡಿದೆ. ಸೂಜಿ ಸಿಕ್ಕಿದಲ್ಲಿ ಇಳಿಯಿತು. ಕಾಲಿನ ಗಾಯವೇನೋ ಮಾಯಿತು, ಬಲಗೈ ಮಾತ್ರ ಮೇಲೇಳಲೊಲ್ಲದು. ಆಫೀಸಿಗೆ ಹೊರಟವಳು ಜಡೆ ಹೆಣೆದುಕೊಳ್ಳಲಾಗದೆ ಕನ್ನಡಿಯ ಮುಂದೆ ಅತ್ತೇಬಿಟ್ಟೆ. ಸಾಗರದ ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ನನ್ನ ಗಂಡ ಅಂದು, ಏನಾಶ್ಚರ್ಯ, ಯಾರ ತಪ್ಪೆಂದು ಕೇಳಲಿಲ್ಲ. ಬಾಚಣಿಗೆ ಎತ್ತಿಕೊಂಡು, "ಅಲ್ಲಾಡ್ಬೇಡ ಮಾರಾಯ್ತಿ, ಕೂತ್ಕ" ಎಂದರು. ತಾಮ್ರದ ತಂತಿಗೆ ಪಳಗಿದ ಆ ಬೆರಳುಗಳು ಮೂರು ಎಳೆಗಳನ್ನು ಒಂದರ ಮೇಲೊಂದು ಬಿಗಿಯಾಗಿ ಕೂರಿಸಿದವು. ಸಂಜೆಯವರೆಗೆ ಒಂದು ಕೂದಲೂ ಅಲುಗಲಿಲ್ಲ. ಮದುವೆಯಾಗಿ ಇಷ್ಟು ವರ್ಷ ಈ ವಿದ್ಯೆ ಬರೀ ಮೋಟಾರುಗಳಿಗೆ ಮೀಸಲಾಗಿತ್ತಲ್ಲ!

ಆದರೂ ಪರಿಹಾರದ ಆಸೆ ಬಿಡಬೇಕಲ್ಲ. ಗಂಡನನ್ನೂ ಕರೆದುಕೊಂಡು ಪರಿಚಯದ ವಕೀಲರೊಬ್ಬರಲ್ಲಿಗೆ ಹೋದೆ. ಅವರು ಎಲ್ಲ ಕೇಳಿ, "ಅಕ್ಕಾ, ಆ ಕಾನೂನು ಇಲ್ಲಿಗೆ ಬರಲ್ಲ. ಇಲ್ಲಿ ಆಸ್ಪತ್ರೆಯೋರ ತಪ್ಪು ಅಂತ ನಾವೇ ತೋರಿಸ್ಬೇಕು. ರವಿಕೆ ಜಗ್ಗಿದ್ದು ಯಾರು ಅಂತ ಅವ್ರು ಕೇಳೇ ಕೇಳ್ತಾರೆ" ಎಂದರು. ನಾನು ಗಂಡನ ಮುಖ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು.

"ಹೋಗ್ಲಿ, ನಿಮಗೆ ಆಗಿರೋ ನಷ್ಟ ಎಂತದು?"

"ಜಡೆ ಹಾಕ್ಕೊಳ್ಳೋಕೆ ಆಗ್ತಿಲ್ಲ. ದಿನಾ ಇವ್ರೇ ಹಾಕ್ತಾರೆ."

ವಕೀಲರು ಪೆನ್ನು ಕೆಳಗಿಟ್ಟರು. "ದಿನಾನಾ? ಇದನ್ನ ನಷ್ಟ ಅಂತ ಹೇಳಿದ್ರೆ ಜಡ್ಜ್ ಮೇಡಂ ನನ್ನನ್ನೇ ಹೊರಗೆ ಕಳಿಸ್ತಾರೆ!"

ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಿ ಮಾಡಿ ಭುಜ ಸರಿಹೋಯಿತು. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಮೇಲಿನ ಗೂಡಿನಿಂದ ಉಪ್ಪಿನಕಾಯಿ ಭರಣಿಯನ್ನು ನಾನೇ ಇಳಿಸಿದೆ. ಮರುದಿನ ಬೆಳಿಗ್ಗೆ ಗಂಡ ಬಾಚಣಿಗೆ ಹಿಡಿದು ಬಂದು, "ಹೆಂಗಿದೆ ಇವತ್ತು?" ಎಂದು ಕೇಳಿದರು.

"ಹಂಗೇ ಇದೆ" ಎಂದು ಮುಖ ಸಣ್ಣ ಮಾಡಿಕೊಂಡು ಕೂತೆ. ನನ್ನ ನೋವಿಗೆ ಅತ್ತೆ ಇಟ್ಟಿದ್ದ ಹೆಸರು ಕಡೆಗೂ ಸರಿಹೋಯಿತು.