ನಡಿಗೆ ಕೋಣೆಯ ನೆಲ

ಬಸ್ ಕಂಡಕ್ಟರ್ ಒಬ್ಬಳ ಎಡಮಂಡಿಯ ಕೀಲು ತೆಗೆದು ಹೊಸದನ್ನು ಕೂರಿಸಲಾಯಿತು. ಕೀಲು ಚೆನ್ನಾಗಿ ಕೂತಿತು. ನೋವು ಹೋಯಿತು. ಕೆಲಸಕ್ಕೆ ಮರಳಲು, ರೋಗಿಗಳನ್ನು ನಡೆಸಿ ಪರೀಕ್ಷಿಸುವ ಆಸ್ಪತ್ರೆಯ ನಡಿಗೆ ಕೋಣೆಯಿಂದ ಫಿಟ್‌ನೆಸ್ ಪತ್ರ ಬೇಕಿತ್ತು. ತಿಂಗಳೊಳಗೆ ಕೆಲಸಕ್ಕೆ ಹಾಜರಾಗದಿದ್ದರೆ ನೌಕರಿ ಹೋಗುತ್ತಿತ್ತು.

ನಡಿಗೆ ಕೋಣೆ ಹಿಂದೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ. ನೀರು ಹರಿದುಹೋಗಲೆಂದು ನೆಲ ಎಡಗೋಡೆಯ ಮೋರಿಯ ಕಡೆಗೆ ಇಳಿಜಾರು. ಅದರ ಮೇಲೆಯೇ ಪಾದದ ಭಾರ ಅಳೆಯುವ ಹಾಸು ಹಾಸಿ, ಟೇಪು ಕತ್ತರಿಸಿ ಉದ್ಘಾಟಿಸಿದ್ದರು. ಅಲ್ಲಿ ನಡೆದವರೆಲ್ಲರ ಎಡಗಾಲು ಗಿಡ್ಡ ಎಂದು ಯಂತ್ರ ಹೇಳುತ್ತಿತ್ತು. ವಾಪಸ್ ಬರುವಾಗ ಬಲಗಾಲು ಗಿಡ್ಡ ಎನ್ನುತ್ತಿತ್ತು. ಗೊಂದಲ ತಪ್ಪಿಸಲು, ರೋಗಿ ವಾಪಸ್ ಬರುವಾಗ ಯಂತ್ರ ಬಂದ್ ಮಾಡತಕ್ಕದ್ದು ಎಂದು ಸುತ್ತೋಲೆ ಹೊರಟಿತು.

ಕಂಡಕ್ಟರ್ ನಡೆದಳು. ಎಡಗಾಲು ಗಿಡ್ಡ.

"ಡಾಕ್ಟ್ರೇ, ನಿಮ್ಮ ನೆಲ ವಾಲಿದೆ."

"ಗೊತ್ತಮ್ಮ."

"ಮತ್ತೆ?"

"ನೆಲಕ್ಕೆ ನಾನು ಮಾತ್ರೆ ಕೊಡೋಕಾಗುತ್ತಾ? ಅದು ಕಟ್ಟಡ ವಿಭಾಗದ್ದು. ಕಾಲು ನನ್ನದು."

"ಕಾಲು ನಂದು ಸಾರ್."

"ಇಲಾಖೆ ಲೆಕ್ಕದಲ್ಲಿ ಹೇಳಿದೆ."

ಎಡ ಷೂಗೆ ಬೆರಳು ದಪ್ಪದ ಒಳಅಟ್ಟೆ ಮಾಡಿಸಿಕೊಟ್ಟರು. ಅದನ್ನು ಹಾಕಿಕೊಂಡು ಕೋಣೆಯಲ್ಲಿ ನೆಟ್ಟಗೆ ನಡೆದಳು. ಪತ್ರ ಸಿಕ್ಕಿತು. ಒಳಅಟ್ಟೆ ತೆಗೆದರೆ ಈ ಪತ್ರ ರದ್ದು ಎಂಬ ಷರತ್ತೂ ಇತ್ತು. ಬಾಗಿಲು ದಾಟಿದ ಕೂಡಲೇ ಕುಂಟಿದಳು.

ಡಿಪೋ ಮ್ಯಾನೇಜರ್ ನೋಡಿದರು.

"ಏನಮ್ಮ, ಆಪರೇಷನ್‌ಗೆ ಮುಂಚೆ ಇಷ್ಟು ಕುಂಟ್ತಿರಲಿಲ್ಲ ನೀನು."

"ಅಟ್ಟೆ ತೆಗೆದ್ರೆ ಸರಿ ನಡೀತೀನಿ ಸಾರ್."

"ತೆಗೆದ್ರೆ ಅನ್‌ಫಿಟ್. ಹಾಕ್ಕೊಂಡ್ರೆ ಕುಂಟ್ತೀಯ. ಕುಂಟೋರನ್ನ ನಾನು ಬಸ್ಸು ಹತ್ತಿಸೋ ಹಾಗಿಲ್ಲ. ಯೋಚನೆ ಮಾಡು."

ಮನೆಯಲ್ಲಿ ಅತ್ತೆ ಷೂ ತಿರುಗಿಸಿ ನೋಡಿದರು. "ಮೂಗಿಗಿಂತ ಮೂಗುತಿ ಭಾರ ಆಯ್ತು. ಕಿತ್ತು ಒಲೆಗೆ ಹಾಕೇ."

"ಇದನ್ನ ಒಲೆಗೆ ಹಾಕಿದ್ರೆ ನಾಳೆಯಿಂದ ಒಲೆ ಉರಿಯಲ್ಲ ಅತ್ತೆ."

ನೆಲ ವಾಲಿದೆ ಎಂದು ಅವಳು ದೂರು ಕೊಟ್ಟಳು. ಕಟ್ಟಡ ವಿಭಾಗದ ಎಂಜಿನಿಯರ್ ರಸಮಟ್ಟ ಹಿಡಿದು ಬಂದರು. ಅವರು ಹಿಂದಿನ ವರ್ಷ ಸೊಂಟದ ಕೀಲು ಬದಲಾಯಿಸಿಕೊಂಡು, ಅದೇ ಕೋಣೆಯಿಂದ ಒಳಅಟ್ಟೆ ಪಡೆದವರು. ಕೋಣೆಯ ನಡುವೆ ನಿಂತು ಉಸಿರುಬಿಟ್ಟರು.

"ಅಬ್ಬಾ! ಇಡೀ ಊರಲ್ಲಿ ನಾನು ನೆಟ್ಟಗೆ ನಿಲ್ಲೋದು ಇದೊಂದೇ ಕಡೆ."

ರಸಮಟ್ಟ ಕೆಳಗಿಟ್ಟರು. ಅದರೊಳಗಿನ ಗುಳ್ಳೆ ಬಲಕ್ಕೆ ಓಡಿತು. ರಸಮಟ್ಟ ಕೆಟ್ಟಿದೆ ಎಂದು ಅದನ್ನು ದುರಸ್ತಿಗೆ ಕಳಿಸಿದರು. ವರದಿಯಲ್ಲಿ ಹೀಗೆ ಬರೆದರು: ನೆಲ ಸಮವಾಗಿದೆ. ಇನ್ನು ಮುಂದೆ ಸಮ ಎಂದರೆ ಈ ನೆಲದಂತೆ ಎಂದು ಎಲ್ಲ ಇಲಾಖೆಗಳೂ ತಿಳಿಯತಕ್ಕದ್ದು.

ವರದಿಯ ಪ್ರತಿ ಡಿಪೋಗೂ ಹೋಯಿತು. ಮ್ಯಾನೇಜರ್ ಎರಡು ಸಲ ಓದಿ ಮೆಕ್ಯಾನಿಕ್‌ನನ್ನು ಕರೆದರು.

"ಇದರ ಪ್ರಕಾರ ನಮ್ಮ ಬಸ್ಸುಗಳು ಸಮ ಇಲ್ಲವಂತಲ್ಲಯ್ಯ."

"ಎಡಗಡೆ ಸ್ಪ್ರಿಂಗಲ್ಲಿ ಒಂದೆರಡು ಪಟ್ಟಿ ಬಿಚ್ಚಿದ್ರೆ ಸಮ ಆಗುತ್ತೆ ಸಾರ್."

ಮೊದಲು ಒಂದು ಬಸ್ಸಿಗೆ ಮಾಡಿದರು. ಈ ಕಂಡಕ್ಟರನ್ನೇ ಅದಕ್ಕೆ ಹಾಕಿದರು. ಹಿಂದಿನಿಂದ ಮುಂದಕ್ಕೆ ನೆಟ್ಟಗೆ ನಡೆದು ಟಿಕೆಟ್ ಕೊಟ್ಟಳು. ನೌಕರಿ ಉಳಿಯಿತು. ಬಲಗಡೆ ಕೂತವರು ಮಾತ್ರ ಎಡಗಡೆಯವರ ಮಡಿಲಿಗೆ ಜಾರುತ್ತಿದ್ದರು.

"ಕಂಡಕ್ಟ್ರೇ, ಬಸ್ಸು ವಾಲಿದೆ ಕಣ್ರೀ!" ಎಂದು ಹಿರಿಯರೊಬ್ಬರು ಕೂಗಿದರು.

"ಬಸ್ಸು ಸಮ ಇದೆ ಅಜ್ಜ. ನಿಮ್ಮ ಎಡಗಾಲು ಗಿಡ್ಡ ಇರಬೇಕು. ಆಸ್ಪತ್ರೆ ಸ್ಟಾಪಲ್ಲಿ ಇಳೀರಿ, ಅಟ್ಟೆ ಕೊಡ್ತಾರೆ."

ಅಜ್ಜ ಇಳಿದರು. ಪರೀಕ್ಷೆಯಾಯಿತು. ಗಿಡ್ಡವೇ.

ಅವರ ಹಿಂದೆ ಉಳಿದವರೂ ಇಳಿದರು. ಆಸ್ಪತ್ರೆಯ ಮುಂದೆ ಸಾಲು ಬೆಳೆಯಿತು. ಅಟ್ಟೆ ಹಾಕಿಕೊಂಡವರು ರಸ್ತೆ ವಾಲಿದೆ ಎಂದು ಅರ್ಜಿ ಕೊಟ್ಟರು. ರಸ್ತೆಗಳನ್ನು ವರದಿಯ ಪ್ರಕಾರ ಸಮ ಮಾಡಲಾಯಿತು. ಊರಲ್ಲಿ ಈಗ ಯಾರೂ ಕುಂಟುವುದಿಲ್ಲ, ಒಂದೇ ದಿಕ್ಕಿಗೆ ನಡೆದರೆ.

ಕಂಡಕ್ಟರ್‌ಗೆ ಬಡ್ತಿ ಸಿಕ್ಕಿತು. ಬಸ್ಸಲ್ಲಿ ಮುಂದಿನಿಂದ ಹಿಂದಕ್ಕೆ ವಾಪಸ್ ನಡೆದು ನಡೆದು ಅವಳ ಬಲಮಂಡಿ ಸವೆದಿದೆ. ಮುಂದಿನ ವಾರ ಅದನ್ನೂ ಬದಲಾಯಿಸುತ್ತಾರೆ.