ಗೋಲು ಪ್ರೊಫೆಸರರಿಗೆ, ನಮ್ಮ ಎಮ್ಮೆಯ ವಿಚಾರವಾಗಿ

ಫೋನಿನೊಳಗೆ ವಾಸವಾಗಿದ್ದು, ಸೂಟು ತೊಟ್ಟು ಸಿಂಹದ ಪಕ್ಕ ನಿಂತ ಚಿತ್ರದಲ್ಲಿ ಮಾತ್ರ ದರ್ಶನ ಕೊಡುವ, ಜಗತ್ತಿನ ಎಲ್ಲ ಫುಟ್‌ಬಾಲ್ ಪಂದ್ಯಗಳ ಫಲವನ್ನು ಆಟಗಾರರಿಗಿಂತ ಮುಂಚೆಯೇ ಬಲ್ಲ ಶ್ರೀಮಾನ್ ಗೋಲು ಪ್ರೊಫೆಸರರ ಸನ್ನಿಧಿಗೆ, ಅಜ್ಜಂಪುರದ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವ ಸುಲೋಚನಮ್ಮ ಕೈಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮಂಥವರೇ ಕ್ಷೇಮವಾಗಿಲ್ಲದಿದ್ದರೆ ಈ ಕಾಲದಲ್ಲಿ ಇನ್ನಾರು ಕ್ಷೇಮವಾಗಿರಬೇಕು? ನಮ್ಮೂರು ತಾಲ್ಲೂಕು ಆದಾಗಿನಿಂದ ನಾನು ಜಮೀನಿನ ಪೋಡಿಗೆ, ಪಿಂಚಣಿಗೆ, ಪಹಣಿ ತಿದ್ದುಪಡಿಗೆ ಊರವರ ಪರವಾಗಿ ಅರ್ಜಿ ಬರೆಯುತ್ತಾ ಬಂದಿದ್ದೇನೆ. ಗ್ರಾಮಲೆಕ್ಕಿಗರಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರಿಗೂ ಒಂದೊಂದು ವಿಳಾಸವಿದೆ. ತಮಗೆ ಮಾತ್ರ ವಿಳಾಸವಿಲ್ಲ, ಊರಿಲ್ಲ, ತಂದೆ ಇಟ್ಟ ಹೆಸರೂ ಇದ್ದಂತಿಲ್ಲ. ಇಷ್ಟು ನಿರಾಕಾರರಾದವರಿಗೆ ಬರೆಯುವುದು ನನಗೆ ಹೊಸದಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆದಿದ್ದೇನೆ. ಕಂಡವರು ಯಾರಾದರೂ ದಯವಿಟ್ಟು ತಮಗೆ ತಲುಪಿಸಲಿ.

ತಮ್ಮ ಭಕ್ತರಲ್ಲಿ ಇಬ್ಬರು ನಮ್ಮ ಮನೆಯವರು. ಒಬ್ಬರು ನನ್ನ ಯಜಮಾನರಾದ ತೀರ್ಥಪ್ಪನವರು. ಲಗೇಜ್ ಗಾಡಿ ಓಡಿಸುತ್ತಾರೆ, ಈರುಳ್ಳಿ ಮೂಟೆ ಹೇರುತ್ತಾರೆ. ಇನ್ನೊಬ್ಬ ನನ್ನ ತಮ್ಮ ಕಲ್ಲೇಶ. ಶಿವನಿಯಲ್ಲಿ ಬೇಸಾಯ ಮಾಡುತ್ತಾನೆ, ಸ್ವಂತ ಟಿಲ್ಲರ್ ಇಟ್ಟುಕೊಂಡು ಅಕ್ಕಪಕ್ಕದವರ ಹೊಲವನ್ನೂ ಉತ್ತುಕೊಡುತ್ತಾನೆ. ಈ ಇಬ್ಬರೂ ಹುಟ್ಟಿದಾರಭ್ಯ ಫುಟ್‌ಬಾಲನ್ನು ಮುಟ್ಟಿ ನೋಡಿದವರಲ್ಲ. ಆದರೂ ಈ ಸಲದ ವಿಶ್ವಕಪ್ಪು ಶುರುವಾಗುತ್ತಿದ್ದಂತೆ ತಾವು ಇಬ್ಬರ ಫೋನಿಗೂ ಕರೆಯದೆಯೇ ಬಂದು, ಗುಂಪು ಹಂತದ ಪಂದ್ಯಗಳ ಫಲವನ್ನು ಖಚಿತವಾಗಿ ತಿಳಿಸುವುದಾಗಿಯೂ, ಈ ವಿದ್ಯೆಯನ್ನು ಹೆಂಡತಿ ಮಕ್ಕಳಿಗೂ ನೆಂಟರಿಷ್ಟರಿಗೂ ಹೇಳಿದರೆ ಅದರ ಶಕ್ತಿ ಹೊರಟುಹೋಗುವುದಾಗಿಯೂ ಬರೆದಿರಿ. ನನ್ನ ಯಜಮಾನರು ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹೇಳಿದ ಒಂದು ಮಾತನ್ನೂ ಗುಟ್ಟಾಗಿ ಇಟ್ಟುಕೊಂಡವರಲ್ಲ. ತಮ್ಮ ಮಾತನ್ನು ಇಟ್ಟುಕೊಂಡರು. ಇಂಥ ಪವಾಡಕ್ಕೆ ನಾನು ಮೊದಲ ನಮಸ್ಕಾರ ಸಲ್ಲಿಸುತ್ತೇನೆ.

ಮೊದಲನೆಯ ಪಂದ್ಯದ ಫಲ ತಾವು ಹೇಳಿದಂತೆಯೇ ಆಯಿತು. ಎರಡನೆಯದೂ ಆಯಿತು, ಮೂರನೆಯದೂ ಆಯಿತು. ಯಜಮಾನರು ಊಟಕ್ಕೆ ಕೂತಲ್ಲಿ ತಮ್ಮಷ್ಟಕ್ಕೆ ತಾವೇ ನಗತೊಡಗಿದರು. ಕಡೂರಿನಲ್ಲಿ ಅವರ ಸ್ನೇಹಿತ ಲಕ್ಕಣ್ಣ ಎಂಬುವನಿದ್ದಾನೆ. ಅವನೂ ತಮ್ಮ ಬಳಗಕ್ಕೆ ಸೇರಿದ್ದ. ಮೊದಲ ಪಂದ್ಯದಲ್ಲೇ ತಮ್ಮ ಭವಿಷ್ಯ ತಲೆಕೆಳಗಾಗಿ, ಬೈದುಕೊಂಡು ಹೊರಗೆ ಬಂದ. ಅದನ್ನು ಕೇಳಿ ನನ್ನ ಯಜಮಾನರು ಪ್ರೊಫೆಸರರನ್ನು ಅನುಮಾನಿಸಲಿಲ್ಲ, ಲಕ್ಕಣ್ಣನ ಗ್ರಹಚಾರವನ್ನು ಅನುಮಾನಿಸಿದರು. ಒಂದೇ ಪಂದ್ಯದ ಫಲ ಕಡೂರಿಗೆ ಒಂದು ಥರ, ಅಜ್ಜಂಪುರಕ್ಕೆ ಇನ್ನೊಂದು ಥರ ಹೇಗೆ ಬಂತೆಂದು ಕೇಳಿಕೊಳ್ಳುವಷ್ಟು ಬುದ್ಧಿ ಅವರಿಗೆ ಇದೆ ಸ್ವಾಮಿ, ಆದರೆ ಗೆಲ್ಲುತ್ತಿರುವವನು ಅದನ್ನು ಹೊರಗೆ ತೆಗೆಯುವುದಿಲ್ಲ.

ಆಮೇಲೆ ಶಿವನಿಯಲ್ಲಿ ನಮ್ಮ ನೆಂಟರ ಮನೆಯ ನಾಮಕರಣ ಬಂತು. ಎಲೆಯ ಮುಂದೆ ಅಕ್ಕಪಕ್ಕ ಕೂತ ಭಾವ ಭಾವಮೈದುನರಿಗೆ ಅದು ಹೇಗೋ ಫುಟ್‌ಬಾಲಿನ ಮಾತು ಬಂದಿದೆ. ಬರುವ ಪಂದ್ಯದಲ್ಲಿ ಹಸಿರು ಅಂಗಿಯವರು ಗೆಲ್ಲುತ್ತಾರೆಂದು ನನ್ನ ಯಜಮಾನರು, ಬಿಳಿ ಅಂಗಿಯವರೆಂದು ನನ್ನ ತಮ್ಮ. ಆ ಎರಡು ದೇಶಗಳು ಭೂಮಿಯ ಯಾವ ಮೂಲೆಯಲ್ಲಿವೆಯೆಂದು ಇಬ್ಬರಿಗೂ ತಿಳಿಯದು. ಆದರೆ ಒಬ್ಬರ ಮೇಲೊಬ್ಬರು ಎಂಥ ಮರುಕ ತೋರಿಸಿದರೆಂದರೆ, ಬಡಿಸುತ್ತಿದ್ದ ನಾನು ಯಾರಿಗೋ ಕಾಯಿಲೆಯಾಗಿದೆಯೆಂದುಕೊಂಡೆ. "ಭಾವ, ಬ್ಯಾಡ ಬಿಡು, ನೀನು ಸೋತೋಯ್ತೀಯ" ಎಂದು ಇವನು, "ನಿನ್ನ ಸೋಲ್ಸಿ ನಂಗೇನಾಗ್ಬೇಕು ಕಣೋ" ಎಂದು ಅವರು. ಕೈತೊಳೆಯುವ ಹೊತ್ತಿಗೆ ಮರುಕ ಹೋಗಿ ಪಂದ್ಯ ಕಟ್ಟಿಯಾಗಿತ್ತು. ಯಜಮಾನರು ಒಡ್ಡಿದ್ದು ನಮ್ಮ ಕೊಟ್ಟಿಗೆಯ ಎಮ್ಮೆಯನ್ನು. ನನ್ನ ತಮ್ಮ ಒಡ್ಡಿದ್ದು, ಮುಂಗಾರು ಬಿತ್ತನೆ ಇನ್ನೂ ಮುಗಿಯದ ಕಾಲದಲ್ಲಿ, ಟಿಲ್ಲರನ್ನು. ಇದಾವುದನ್ನೂ ನನಗೆ ಹೇಳಲಿಲ್ಲ.

ಆ ಎಮ್ಮೆ ಯಾರದೆಂದು ತಮಗೆ ತಿಳಿದಿರಲಾರದು. ತಮ್ಮ ವಿದ್ಯೆಗೆ ಕೊಟ್ಟಿಗೆಯೊಳಗಿನದು ಕಾಣುವುದಿಲ್ಲವಷ್ಟೆ. ನನ್ನ ಮದುವೆಯಲ್ಲಿ ಅವ್ವ ಒಂದು ಎಮ್ಮೆಗರುವನ್ನು ಹಿಡಿದುಕೊಂಡು ನಮ್ಮ ಹಿಂದೆಯೇ ನಡೆದು ಬಂದು, ಅದನ್ನು ಗಂಡನ ಮನೆಯ ಗೂಟಕ್ಕೆ ತಾನೇ ಕಟ್ಟಿ ಹೋಗಿದ್ದಳು. ಈಗಿರುವುದು ಅದರ ಮೊಮ್ಮಗಳ ಮಗಳು. ಅವ್ವ ಈಗಿಲ್ಲ. ಹಾಲು ಕರೆಯುವಾಗ ನಾನು ಎಮ್ಮೆಯ ಜೊತೆ ಆಡುವ ಮಾತನ್ನು ಮನೆಯಲ್ಲಿ ಬೇರೆ ಯಾರ ಜೊತೆಗೂ ಆಡುವುದಿಲ್ಲ. ನನ್ನ ತಮ್ಮನಿಗೆ ಇದು ಗೊತ್ತು.

ಇವರಿಬ್ಬರು ಕಟ್ಟಿದ ಪಂದ್ಯಕ್ಕೆ ಮಧ್ಯಸ್ಥ ತರೀಕೆರೆಯ ಹೋಟೆಲಿನ ಹಾಲೇಶ, ಕಲ್ಲೇಶನ ಜೊತೆ ಓದಿದವನು. ಅವನ ಹೋಟೆಲಿನಲ್ಲಿ ಗೋಡೆಯಷ್ಟು ದೊಡ್ಡ ಟಿವಿ ಇದೆ. ಒಡ್ಡಿದ್ದನ್ನು ಮೊದಲೇ ತಂದು ಕಟ್ಟಿ, ಆಮೇಲೆ ಆಟ ನೋಡಬೇಕೆಂದು ಅವನು ಕಟ್ಟುನಿಟ್ಟು ಮಾಡಿದನಂತೆ. ಅದರಂತೆ ನನ್ನ ತಮ್ಮ ಶಿವನಿಯಿಂದ ಅರ್ಧ ದಿನ ಟಿಲ್ಲರ್ ಓಡಿಸಿಕೊಂಡು ಹೋದ. ನಮ್ಮ ಬೀದಿಯ ಮೇಲೆಯೇ ಹೋದವನು ಒಳಗೆ ಬಂದು ಒಂದು ಲೋಟ ನೀರು ಕುಡಿಯಲಿಲ್ಲ. ಮಾರನೆಯ ಬೆಳಗ್ಗೆ ಯಜಮಾನರು ಎಮ್ಮೆಯನ್ನು ಗಾಡಿಗೆ ಹತ್ತಿಸಿ, ಮೇವು ತಿನ್ನುತ್ತಿಲ್ಲ, ದನದ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆ ಎಂದರು. ಎಮ್ಮೆಯ ಬಗ್ಗೆ ಅವರಿಗೆ ಇಷ್ಟು ಕಾಳಜಿ ಹುಟ್ಟಿತಲ್ಲ ಎಂದು ನಾನು ಸಂತೋಷಪಟ್ಟು, ದಾರಿಗೆ ಬೇಕಾಗುತ್ತದೆಂದು ಬುತ್ತಿ ಕಟ್ಟಿಕೊಟ್ಟೆ. ಮಾನ್ಯರೇ, ಈ ಇಡೀ ಪ್ರಕರಣದಲ್ಲಿ ನನಗೆ ಈಗಲೂ ಉರಿಯುವುದು ಆ ಬುತ್ತಿ.

ಪಂದ್ಯ ಶುರುವಾಗುವ ಮುನ್ನ ಹಾಲೇಶ ಒಂದೇ ಒಂದು ಪ್ರಶ್ನೆ ಕೇಳಿದನಂತೆ: "ಸಮ ಆದ್ರೆ ಏನ್ ಮಾಡ್ಲಿ?" ಗುಂಪು ಹಂತದಲ್ಲಿ ಆಟ ಸಮವಾದರೆ ಸಮವೇ, ಇಬ್ಬರಿಗೂ ಒಂದೊಂದು ಅಂಕ ಕೊಟ್ಟು ಮನೆಗೆ ಕಳಿಸುತ್ತಾರೆ ಎನ್ನುವುದು ಹಾಲೇಶನಿಗೆ ಗೊತ್ತಿತ್ತು. ನನ್ನ ಯಜಮಾನರು ಹಿಂದೆಂದೋ ಫೈನಲ್ ನೋಡಿದವರು. ಸಮವಾದರೆ ಒಬ್ಬೊಬ್ಬರಾಗಿ ಬಂದು ಒದೆಯುತ್ತಾರೆ, ಕೊನೆಗೆ ಯಾರಾದರೂ ಗೆದ್ದೇ ಗೆಲ್ಲಬೇಕು ಎಂದುಕೊಂಡಿದ್ದರು. ನನ್ನ ತಮ್ಮ ಅದನ್ನೂ ನೋಡಿದವನಲ್ಲ. ಇಬ್ಬರೂ ನಕ್ಕು, ತಿಂಡಿಗೆ ಬಂದವರೆಲ್ಲ ಕೇಳುವಂತೆ, "ಸಮ ಆದ್ರೆ ಎರಡೂ ನೀನೇ ಇಟ್ಕಳಲೇ" ಎಂದರು. ಹಾಲೇಶ ಅವರನ್ನು ತಿದ್ದಲಿಲ್ಲ. ಇಡ್ಲಿ ಬಡಿಸಿದ.

ಅತ್ತ ಆಟ ನಡೆಯುತ್ತಿದ್ದಾಗ ಇತ್ತ ನನ್ನ ಮೇಜಿನ ಮುಂದೆ ದನದ ಆಸ್ಪತ್ರೆಯ ಕಾಂಪೌಂಡರ್ ತನ್ನ ಅರ್ಜಿಯೊಂದನ್ನು ಬರೆಸಲು ಬಂದು ಕೂತಿದ್ದ. ನಮ್ಮ ಎಮ್ಮೆ ಹೇಗಿದೆಯೆಂದು ಕೇಳಿದೆ. ಯಾವ ಎಮ್ಮೆಯೂ ಬಂದಿಲ್ಲ, ನಿಮ್ಮ ಗಾಡಿ ಎಮ್ಮೆ ಹೇರಿಕೊಂಡು ತರೀಕೆರೆ ರಸ್ತೆಯಲ್ಲಿ ಹೋಗುತ್ತಿತ್ತು ಎಂದ. ಯಜಮಾನರು ಫೋನು ಎತ್ತಲಿಲ್ಲ. ತಮ್ಮನಿಗೆ ಮಾಡಿದೆ. ಹಿಂದುಗಡೆ ಲೋಟಗಳ ಸದ್ದು, ಟಿವಿಯ ಗದ್ದಲ. ನಾನು ಒಂದು ಮಾತನ್ನೂ ಕೇಳುವ ಮುಂಚೆ ಅವನು, "ಅಕ್ಕಾ, ನೀನು ಹಾಲೇಶನ ಹೋಟ್ಲಿಗೆ ಬರ್ಬ್ಯಾಡ" ಎಂದ. ಕಾಂಪೌಂಡರಿನ ಅರ್ಜಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಆಟ ಮುಗಿದಿತ್ತು. ಹಸಿರು ಅಂಗಿಯವರೂ ಬಿಳಿ ಅಂಗಿಯವರೂ ಒಂದು ಗೋಲನ್ನೂ ಹೊಡೆಯದೆ, ಪರಸ್ಪರ ಅಪ್ಪಿಕೊಂಡು, ಅಂಗಿ ಬದಲಾಯಿಸಿಕೊಂಡು ಹೊರಟುಹೋಗಿದ್ದರು. ಇಲ್ಲಿ ನನ್ನ ಗಂಡ ಒಂದು ಮೇಜಿನಲ್ಲಿ, ನನ್ನ ತಮ್ಮ ಇನ್ನೊಂದು ಮೇಜಿನಲ್ಲಿ, ಬೆನ್ನಿಗೆ ಬೆನ್ನು ಮಾಡಿಕೊಂಡು ಕೂತಿದ್ದರು. ಹೋಟೆಲಿನ ಹಿತ್ತಲಲ್ಲಿ, ಗ್ಯಾಸ್ ಸಿಲಿಂಡರುಗಳ ಪಕ್ಕ, ನಮ್ಮ ಎಮ್ಮೆ ಟಿಲ್ಲರಿನ ಹಿಡಿಯನ್ನು ನೆಕ್ಕುತ್ತಾ ನಿಂತಿತ್ತು.

ಯಾರು ಹೇಳಿದರು ಗೆಲ್ಲುತ್ತೀರೆಂದು, ಎಂದು ಕೇಳಿದೆ. ಪ್ರೊಫೆಸರ್ ಎಂದರು. ಇಬ್ಬರೂ ಒಟ್ಟಿಗೇ ಎಂದರು, ಎಂದದ್ದೇ ತಿರುಗಿ ಒಬ್ಬರ ಮುಖ ಒಬ್ಬರು ನೋಡಿದರು. ಎರಡು ಫೋನನ್ನೂ ಇಸಿದುಕೊಂಡು ಮೇಜಿನ ಮೇಲೆ ಜೋಡಿಸಿದೆ. ಅದೇ ಸೂಟು, ಅದೇ ಸಿಂಹ, "ಪ್ರಿಯ ಆಪ್ತರೇ, ಇದು ನಿಮಗೊಬ್ಬರಿಗೇ" ಎಂಬ ಅದೇ ಒಕ್ಕಣೆ. ಒಂದರಲ್ಲಿ ಹಸಿರು ಖಚಿತ, ಇನ್ನೊಂದರಲ್ಲಿ ಬಿಳಿ ಖಚಿತ. ಊರಿನ ಅರ್ಧ ಜನಕ್ಕೆ ಒಂದು, ಉಳಿದರ್ಧಕ್ಕೆ ಇನ್ನೊಂದು ಬರೆದು, ತಪ್ಪಿದವರನ್ನು ಲಕ್ಕಣ್ಣನಂತೆ ಉದುರಿಸುತ್ತಾ, ಸರಿಹೋದವರನ್ನು ಮತ್ತೆ ಅರ್ಧ ಮಾಡುತ್ತಾ ಬರುವ ತಮ್ಮ ಮಹಾವಿದ್ಯೆ ಆಗ ನನಗೆ ಅರ್ಥವಾಯಿತು. ಮೂರು ಸಲ ಸರಿಹೋದ ಮೇಲೆ ನಾಲ್ಕನೆಯದಕ್ಕೆ ತಾವು ಕಾಣಿಕೆಯನ್ನೂ ವಸೂಲು ಮಾಡಿದ್ದಿರಿ, ಇಬ್ಬರಿಂದಲೂ. ನಾವು ನೋಡುತ್ತಿರುವಾಗಲೇ ಎರಡೂ ಫೋನು ಟಿಂಗೆಂದವು. ತಾವೇ ಬರೆದಿದ್ದಿರಿ: ಪಂದ್ಯ ಸಮವಾಗುವುದನ್ನು ನಮ್ಮ ವಿಐಪಿ ಬಳಗಕ್ಕೆ ಮೊದಲೇ ತಿಳಿಸಿದ್ದೆವು, ತಾವೂ ಬೇಗ ಸೇರಿರಿ. ಸ್ವಾಮಿ, ನಾನು ಎಷ್ಟೋ ಕಚೇರಿಗಳ ಮೆಟ್ಟಿಲು ಹತ್ತಿದವಳು. ಆದರೆ ಮಾನವನ್ನು ಇಷ್ಟು ಹಗುರವಾಗಿ ಇಟ್ಟುಕೊಂಡು ಓಡಾಡುವವರನ್ನು ನೋಡಿರಲಿಲ್ಲ.

ಹಾಲೇಶನ ಬಳಿಗೆ ಹೋದೆ. ಅಲ್ಲಿದ್ದವರೆಲ್ಲ ಕೇಳಿಸಿಕೊಂಡ ಮಾತು, ನಾನೇನು ಬಲವಂತ ಮಾಡಿಲ್ಲ ಎಂದು ಅವನು ನ್ಯಾಯ ತೆಗೆದ. ನಿಜವೇ. ನಾನು ಹೇಳಿದ್ದು ಇಷ್ಟು: "ಎಮ್ಮೆ ನಂದಪ್ಪ, ನಾನು ಪಂದ್ಯ ಕಟ್ಟಿಲ್ಲ. ಕಟ್ಟಿದೋರು ಇಬ್ರೂ ಇಲ್ಲೇ ಕುಂತವ್ರೆ, ಅವ್ರನ್ನೇ ಇಟ್ಕೋ."

ಟಿಲ್ಲರ್ ಕಲ್ಲೇಶನದೇ ಅಲ್ಲವೇ ಅಕ್ಕ, ಎಂದ ಹಾಲೇಶ. ಟಿಲ್ಲರ್ ಇಟ್ಟುಕೊಂಡು ಈ ಹೋಟೆಲಿನಲ್ಲಿ ಏನನ್ನು ಉಳುತ್ತೀಯಪ್ಪ ಎಂದು ಕೇಳಿದೆ. ತಿಂಡಿಗೆ ಕೂತವರು ನಕ್ಕರು. ಹಾಲೇಶ ನಗಲಿಲ್ಲ, ಒಳಗೆ ತೊಟ್ಟಿಯಲ್ಲಿ ರಾಶಿ ಬಿದ್ದಿದ್ದ ತಟ್ಟೆಗಳ ಕಡೆಗೊಮ್ಮೆ, ನನ್ನ ಇಬ್ಬರು ಗಂಡಸರ ಕಡೆಗೊಮ್ಮೆ ನೋಡಿದ. ವಿಶ್ವಕಪ್ಪಿನ ಗಿರಾಕಿ ಹೆಚ್ಚಿ ಅವನಿಗೆ ಕೈ ಸಾಲದೆ ಹೋಗಿತ್ತು. ಎಮ್ಮೆಯನ್ನೂ ಟಿಲ್ಲರನ್ನೂ ಅವತ್ತೇ ಬಿಟ್ಟುಕೊಡುವುದು, ಗುಂಪು ಹಂತ ಮುಗಿಯುವವರೆಗೆ ಇಬ್ಬರೂ ಬೆಳಗಿನ ಹೊತ್ತು ಬಂದು ತಟ್ಟೆ ಲೋಟ ತೊಳೆಯುವುದು ಎಂದು ತೀರ್ಮಾನವಾಯಿತು. ನನ್ನ ಯಜಮಾನರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಮುಂದಿದ್ದ ಬುತ್ತಿಯ ಡಬ್ಬಿಯನ್ನು ನೋಡಿದೆ. ಬಾಯಿ ಮುಚ್ಚಿದರು.

ಎಮ್ಮೆಯನ್ನು ಗಾಡಿಗೆ ಹತ್ತಿಸುವಾಗ ನನ್ನ ತಮ್ಮ ಹಗ್ಗ ಹಿಡಿಯಲು ಬಂದ. ಅವನ ಮುಖ ನೋಡುವ ಮನಸ್ಸಿರಲಿಲ್ಲ. "ಅಕ್ಕಾ, ಇದು ಅವ್ವ ಕೊಟ್ಟ ಎಮ್ಮೆ ಸಂತಾನ ಅಂತ ಗೊತ್ತಿದ್ದೂ ಒಪ್ಕಂಡೆ. ಗೆದ್ದು ನಿಂಗೇ ವಾಪಸ್ ತಂದ್ಕೊಡೋಣ ಅಂತಿದ್ದೆ ಕಣೇ" ಎಂದ. ನಂಬಿದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ಅವನು ಅಳುತ್ತಿದ್ದ. ಅವ್ವ ತೀರಿಕೊಂಡಾಗಲೂ ಜನರೆದುರು ಅತ್ತವನಲ್ಲ. ಹಗ್ಗವನ್ನು ಅವನ ಕೈಗೇ ಬಿಟ್ಟೆ. ಮನೆ ಸೇರಿದ ಮೇಲೆ ಎಮ್ಮೆ ಕೆಲವು ದಿನ ಸರಿಯಾಗಿ ಸೊರೆ ಬಿಡಲಿಲ್ಲ, ಹಾಲು ಇಳಿಸಲಿಲ್ಲ. ಕರೆಯಲು ಕೂತು, ನಡೆದ ನಿಜವನ್ನು ಅದಕ್ಕೂ ನಾನು ಹೇಳಬೇಕಾಯಿತು.

ಇಬ್ಬರೂ ಮಾತಿನಂತೆ ದಿನಾ ಹೋಗಿ ತೊಳೆದರು. ಒಂದೇ ತೊಟ್ಟಿ, ಒಬ್ಬರು ಉಜ್ಜುವುದು, ಒಬ್ಬರು ಜಾಲಿಸುವುದು. ಮೊದಮೊದಲು ಬೆನ್ನು ತಿರುಗಿಸಿಕೊಂಡೇ ನಿಂತಿದ್ದರಂತೆ. ಆಮೇಲೆ ಒಂದು ದಿನ, ಪ್ರೊಫೆಸರರ ಸಿಂಹಕ್ಕೆ ದಿನಕ್ಕೆ ಎಷ್ಟು ಮೇವು ಬೇಕಾದೀತೆಂದು ನನ್ನ ತಮ್ಮ ಕೇಳಿದನಂತೆ. ಯಜಮಾನರು ನಕ್ಕು ಕೈಯಲ್ಲಿದ್ದ ಲೋಟ ಬೀಳಿಸಿದರಂತೆ. ಬಿತ್ತನೆ ತಡವಾದರೂ ಆಯಿತು. ಹೋದ ವಾರ ಯಜಮಾನರು ತಾವಾಗಿಯೇ ಕೊಟ್ಟಿಗೆ ಗುಡಿಸಿ ಬಂದು, "ತಪ್ಪಾಯ್ತು ಕಣೇ" ಎಂದರು. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆ.

ಈಗ ನನ್ನ ಕೋರಿಕೆಗಳು. ತಮ್ಮ ಈ ವಿದ್ಯೆಯನ್ನು ಚೆಂಡಿನ ಮೇಲೆ ಪೋಲು ಮಾಡದೆ ನಮ್ಮ ತಾಲ್ಲೂಕಿನ ಸರ್ವೆ ಇಲಾಖೆಗೆ ದಾನ ಮಾಡಬೇಕು. ಹೊಲದ ಗಡಿಯ ಜಗಳ ಹೊತ್ತು ಬಂದ ಇಬ್ಬರು ರೈತರಿಗೂ ಆ ಜಾಗ ನಿನ್ನದೇ ಎಂದು ಬೇರೆ ಬೇರೆಯಾಗಿ ಬರೆದುಕೊಟ್ಟರೆ ಇಬ್ಬರೂ ನೆಮ್ಮದಿಯಾಗಿ ಮಲಗುತ್ತಾರೆ, ಮರುದಿನ ಹೊಲದಲ್ಲಿ ಎದುರಾಗುವವರೆಗೆ. ಹಾಗೆಯೇ ತಾವು ಒಮ್ಮೆ ನಮ್ಮ ಕಡೆಗೆ ದಯಮಾಡಿಸಬೇಕು. ಒಂದೇ ಉಸಿರಿನಲ್ಲಿ ಎರಡು ಮಾತು ಆಡಬಲ್ಲವರಿಗೆ ಒಂದೇ ಹೊತ್ತಿಗೆ ಎರಡೂರಿಗೆ ಬರುವುದು ಕಷ್ಟವಾಗಲಾರದು: ಅರ್ಧ ಕಡೂರಿನಲ್ಲಿ ಇಳಿದು ಲಕ್ಕಣ್ಣನನ್ನು ಕಾಣಲಿ, ಉಳಿದರ್ಧ ಅಜ್ಜಂಪುರದಲ್ಲಿ ನನ್ನನ್ನು ಕಾಣಲಿ. ಯಾವ ಅರ್ಧ ಸುರಕ್ಷಿತವಾಗಿ ವಾಪಸಾಗುತ್ತದೆಂದು ಭವಿಷ್ಯ ಹೇಳುವಷ್ಟು ವಿದ್ಯೆ ನನಗಿಲ್ಲ.

ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ ಅರ್ಜಿಯ ಮರ್ಯಾದೆಗೆ ಕಟ್ಟುಬಿದ್ದು,

ತಮ್ಮ ವಿಶ್ವಾಸಿ,
ಸುಲೋಚನಮ್ಮ
ಅರ್ಜಿ ಬರೆಯುವವರು, ಅಜ್ಜಂಪುರ

ಮರೆತ ಮಾತು: ಈ ಪತ್ರವನ್ನು ಎರಡು ಪ್ರತಿ ಮಾಡಿದ್ದೇನೆ. ಒಂದು ತಮ್ಮ ಹೆಸರಿಗೆ, ಇನ್ನೊಂದು ಪೊಲೀಸ್ ಠಾಣೆಗೆ. ಠಾಣೆಗೆ ಹೋದ ಪ್ರತಿಯಲ್ಲಿ ತಮ್ಮ ಮೇಲಿನ ಹೊಗಳಿಕೆಯನ್ನೆಲ್ಲ ತೆಗೆದು, ಕಾಣಿಕೆ ತೆಗೆದುಕೊಂಡ ಫೋನ್ ನಂಬರನ್ನು ಸೇರಿಸಿದ್ದೇನೆ. ಎರಡರಲ್ಲಿ ಯಾವುದಕ್ಕೆ ಮೊದಲು ಉತ್ತರ ಬರುತ್ತದೆಂದು ತಾವೇ ತಮ್ಮ ವಿಐಪಿ ಬಳಗಕ್ಕೆ ತಿಳಿಸಿ. ಈ ಸಲ ಸಮ ಆಗುವುದಿಲ್ಲ.