ನಾನು ಪಾಸು ಮಾಡಿದ ಚೈನು

ಯಾವ ವಸ್ತುವೂ ನಡುವಿನಲ್ಲಿ ಕೆಡುವುದಿಲ್ಲ, ಕೆಡುವುದೆಲ್ಲ ತುದಿಯಲ್ಲೇ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಬೂಟಿನ ಲೇಸು ಎಳೆಯೆಳೆಯಾಗುವುದು ತುದಿಯಲ್ಲಿ. ಛತ್ರಿಯ ಬಟ್ಟೆ ಕಡ್ಡಿಯನ್ನು ಬಿಟ್ಟು ಬಾವಲಿಯಂತೆ ಜೋತುಬೀಳುವುದು ತುದಿಯಲ್ಲಿ. ಮನೆಗೆ ಬಂದ ಅತಿಥಿಗಳನ್ನೇ ನೋಡಿ. ಒಳಗೆ ಕುಳಿತಿರುವಷ್ಟು ಹೊತ್ತು ಹಿತಮಿತವಾಗಿ ಮಾತನಾಡುವವರು, ಹೊರಟು ಹೊಸ್ತಿಲಿಗೆ ಬಂದ ಮೇಲೆ ಒಂದು ಕಾಲನ್ನು ಚಪ್ಪಲಿಯಲ್ಲಿಟ್ಟು ಮೂರು ತಲೆಮಾರಿನ ಪುರಾಣ ಬಿಚ್ಚುತ್ತಾರೆ. ನಾನು ಓದಿದ್ದು ಧಾರವಾಡದ ಒಂದು ಬೋರ್ಡಿಂಗಿನಲ್ಲಿ. ಅಲ್ಲಿ ಹಾಸಿಗೆ ಸುತ್ತಿ ಹಗ್ಗದ ತುದಿ ಕಟ್ಟದವನಿಗೆ ಬೆಳಗಿನ ಚಹಾ ಇರಲಿಲ್ಲ. ಮುಂದೆ ಪುಣೆಗೆ ಬಂದು ನಿಗಡಿಯ ಕಡೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ ಸೇರಿದ ಮೇಲಂತೂ, ತಯಾರಾದ ಮಾಲನ್ನು ನೋಡಿ ‘ಪಾಸ್’ ಅಥವಾ ‘ರಿಜೆಕ್ಟ್’ ಎನ್ನುವುದೇ ನನ್ನ ಉದ್ಯೋಗವಾಯಿತು. ಈ ಅಭ್ಯಾಸವನ್ನು ಬಿಬವೇವಾಡಿಯ ನಮ್ಮ ಮನೆಗೂ ತರಬಾರದಿತ್ತು ಎಂದು ನನ್ನ ಹೆಂಡತಿ ಸಾವಿತ್ರಿ ಹೇಳುತ್ತಾಳೆ. ಅವಳ ರೊಟ್ಟಿಯ ಅಂಚು ಸೀಳಿದೆ ಎಂದು ನಾನೊಮ್ಮೆ ತೋರಿಸಿದ್ದು ನಿಜ. ಆ ದಿನ ರಿಜೆಕ್ಟ್ ಆದದ್ದು ರೊಟ್ಟಿಯಲ್ಲ, ನನ್ನ ರಾತ್ರಿಯ ಊಟ.

ಆ ಕಾಲಕ್ಕೆ ಪುಣೆಯಲ್ಲಿ ಎಲ್ಲಕ್ಕೂ ಚೈನು ಬರತೊಡಗಿತ್ತು. ಪ್ಯಾಂಟಿಗೆ ಚೈನು, ಪರ್ಸಿಗೆ ಚೈನು, ತಲೆದಿಂಬಿನ ಚೀಲಕ್ಕೂ ಚೈನು. ನನ್ನ ಪ್ಯಾಂಟಿಗೆ ಮಾತ್ರ ನಾನು ಗುಂಡಿಗಳನ್ನೇ ಹೊಲಿಸುತ್ತಿದ್ದೆ. ನಮ್ಮ ದರ್ಜಿ ಟೇಪು ಹಿಡಿದು, “ಸಾಹೇಬ, ಆತಾ ಕೋಣೀ ಬಟನ್ ಲಾವತ ನಾಹೀ,” ಈಗ ಯಾರೂ ಗುಂಡಿ ಹಾಕಿಸುವುದಿಲ್ಲ ಎಂದು ಪ್ರತಿ ಸಲವೂ ಹೇಳುತ್ತಿದ್ದ. ನಾನು ಜಗ್ಗಲಿಲ್ಲ. ಒಂದು ಗುಂಡಿ ರಜೆ ಹಾಕಿದರೆ ಉಳಿದ ಗುಂಡಿಗಳು ಕೆಲಸ ಮುಂದುವರಿಸುತ್ತವೆ. ಚೈನಿನಲ್ಲಿ ಅಂಥ ಒಗ್ಗಟ್ಟಿಲ್ಲ. ಅಲ್ಲಿ ಎರಡು ಸಾಲು ಹಲ್ಲು, ಅವನ್ನು ಕೂಡಿಸುತ್ತ ಬಿಡಿಸುತ್ತ ಓಡಾಡುವ ಒಂದು ರನ್ನರ್, ಆ ರನ್ನರ್ ಹಳಿ ಬಿಟ್ಟು ಹೋಗದಂತೆ ತುದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ತಗಡಿನ ತಡೆ. ಎಲ್ಲರೂ ಹಲ್ಲಿನ ಹೊಳಪು ನೋಡುತ್ತಾರೆ, ರನ್ನರಿನ ಓಟ ನೋಡುತ್ತಾರೆ, ಆ ತಡೆಯನ್ನು ಯಾರೂ ಮಾತನಾಡಿಸುವುದಿಲ್ಲ. ಅದು ಒಂದು ದಿನ ಹೇಳದೆ ಕೇಳದೆ ಉದುರಿಬಿಡುತ್ತದೆ. ಮರುದಿನ ನೀವು ಅವಸರದಲ್ಲಿ ಎಳೆದಾಗ ರನ್ನರ್ ಕೈಗೆ ಬರುತ್ತದೆ, ಚೈನು ಬಾಯಿ ತೆರೆದು ನಗುತ್ತದೆ.

ಸ್ವಾರಗೇಟಿನ ಬಳಿ ಫುಟ್‌ಪಾತಿನ ಮೇಲೆ ಚೈನು ರಿಪೇರಿ ಮಾಡುವವನೊಬ್ಬ ಕೂರುತ್ತಿದ್ದ. ಇಕ್ಕಳದಿಂದ ಹೊಸ ತಡೆಯೊಂದನ್ನು ಒತ್ತಿ, ಇನ್ನು ಜನ್ಮದಲ್ಲಿ ಅಲುಗುವುದಿಲ್ಲ ಎಂದು ದೇವರ ಆಣೆ ಹಾಕುತ್ತಿದ್ದ. ಆ ತಡೆ ಮನೆ ಮುಟ್ಟುವ ಮೊದಲೇ ಉದುರುತ್ತಿತ್ತು. ಸಾವಿತ್ರಿಯ ಪದ್ಧತಿ ಬೇರೆ. ಸೂಜಿದಾರ ತೆಗೆದುಕೊಂಡು ಚೈನಿನ ತುದಿಗೆ ನಾಲ್ಕು ಸುತ್ತು ಹಾಕಿ ಹಲ್ಲಿನಿಂದ ದಾರ ಕಡಿದುಬಿಡುತ್ತಿದ್ದಳು. ಅದು ನಿಲ್ಲುತ್ತಿತ್ತು ಎಂಬುದನ್ನು ನಾನು ಒಪ್ಪಲೇಬೇಕು. ಆದರೆ ನಿಲ್ಲುವುದು ಬೇರೆ, ಸುಧಾರಣೆ ಬೇರೆ. ದಾರ ಸುತ್ತಿದ್ದಕ್ಕೆ ಯಾರಾದರೂ ಸುಧಾರಣೆ ಎನ್ನುತ್ತಾರೆಯೇ?

ಸುಧಾರಣೆಯನ್ನು ನಾನು ಕೈಗೆತ್ತಿಕೊಂಡೆ. ಕೆಟ್ಟುಹೋದ ಸ್ಟೋವಿನ ಹಿತ್ತಾಳೆಯಿಂದ ಸಣ್ಣ ಪಟ್ಟಿಗಳನ್ನು ಕತ್ತರಿಸಿದೆ. ಅವನ್ನು ಕೊಕ್ಕೆಯಂತೆ ಬಾಗಿಸಿ, ಚೈನಿಗೆ ಸಿಕ್ಕಿಸಿ, ಇಕ್ಕಳದಿಂದ ಬಿಗಿದು, ಸುತ್ತಿಗೆಯಿಂದ ತಟ್ಟಿ, ಮೇಲೆ ಎರಡು ಟ್ಯೂಬು ಬೆರೆಸಿ ಹಚ್ಚುವ ಗಟ್ಟಿ ಅಂಟಿನ ಒಂದು ಹನಿ. ನನ್ನದೊಂದು ನಿಯಮವಿತ್ತು. ಬಾಯಿ ತೆರೆದ ವಸ್ತುವಿನ ಮೇಲೆ ಕೆಲಸ ಮಾಡಬಾರದು. ಕಾರ್ಖಾನೆಯಲ್ಲಿ ಪೆಟ್ಟಿಗೆ ಮುಚ್ಚಿದ ಮೇಲೆಯೇ ಅದಕ್ಕೆ ಪಟ್ಟಿ ಬಿಗಿಯುವುದು. ಹಾಗೆಯೇ ನಾನು ಚೈನನ್ನು ಪೂರ್ತಿ ಮುಚ್ಚಿ, ರನ್ನರ್ ತುದಿ ಮುಟ್ಟಿದ ಮೇಲೆ, ಹಿತ್ತಾಳೆಗೆ ಒಳ್ಳೆಯ ಹಿಡಿತ ಸಿಗುವಂತೆ ಹಲ್ಲುಗಳು ಒಂದಕ್ಕೊಂದು ಕೂಡಿಕೊಂಡಿರುವ ಜಾಗದಲ್ಲಿ, ರನ್ನರಿಗೆ ತಾಗಿಸಿ ತಡೆಯನ್ನು ಬಿಗಿಯುತ್ತಿದ್ದೆ. ಅಂಟು ಒಣಗಿದ ಮೇಲೆ ಪರೀಕ್ಷೆ. ರನ್ನರನ್ನು ಎಳೆಯುತ್ತಿದ್ದೆ. ಅಲುಗುತ್ತಿರಲಿಲ್ಲ. ಕಾಲಿನಿಂದ ಬ್ಯಾಗು ಒತ್ತಿ ಹಿಡಿದು ಎಳೆಯುತ್ತಿದ್ದೆ. ಆಗಲೂ ಅಲುಗುತ್ತಿರಲಿಲ್ಲ. “ಪಾಸ್” ಎಂದು ಗಟ್ಟಿಯಾಗಿ ಹೇಳಿ ಕೈ ತೊಳೆಯುತ್ತಿದ್ದೆ.

ಹೀಗೆ ನಮ್ಮ ಮಗಳು ಶೋಭಾಳ ಕಾಲೇಜಿನ ಬ್ಯಾಗು ಪಾಸಾಯಿತು. ಸಾವಿತ್ರಿಯ ಪರ್ಸು ಪಾಸಾಯಿತು. ಕಾಕು ಎಂದು ಎಲ್ಲರೂ ಕರೆಯುವ ಮೇಲಿನ ಮನೆಯ ಮರಾಠಿ ಗೃಹಿಣಿ, “ಭಾವೂಜಿ, ನಮ್ಮದೂ ಸ್ವಲ್ಪ ನೋಡಿ” ಎಂದು ತಮ್ಮ ತರಕಾರಿ ಚೀಲ ತಂದುಕೊಟ್ಟರು. ಅದೂ ಪಾಸಾಯಿತು. ಆ ಮೇಲೆ ಯಾರೂ ಯಾವುದನ್ನೂ ಮರಳಿ ರಿಪೇರಿಗೆ ತರಲಿಲ್ಲ. ತಪಾಸಣೆ ವಿಭಾಗದವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಕಾಕು ಮೆಟ್ಟಿಲ ಮೇಲೆ ನನ್ನನ್ನು ಕಂಡರೆ ಬೇಗಬೇಗ ಹತ್ತಿ ಹೋಗುತ್ತಿದ್ದುದನ್ನು ಗೌರವವೆಂದು ತಿಳಿದೆ.

ಇಷ್ಟರಲ್ಲಿ ಶೋಭಾಳ ಮದುವೆ ಗೊತ್ತಾಗುವ ಹಂತಕ್ಕೆ ಬಂತು. ಹುಡುಗ ಪುಣೆಯಲ್ಲೇ ಬ್ಯಾಂಕಿನಲ್ಲಿದ್ದ. ಅವನ ತಂದೆ ಬೆಳಗಾವಿ ಕಡೆಯವರು, ಇಂದಾಪುರದ ಹೈಸ್ಕೂಲಿನಲ್ಲಿ ಮಾಸ್ತರರಾಗಿ ಅಲ್ಲೇ ಮನೆ ಮಾಡಿದ್ದರು. ಮನೆಯಲ್ಲಿ ಹುಡುಗನ ಅಜ್ಜಿಯ ಮಾತೇ ಕೊನೆಯ ಮಾತು. ಅವರಿಗೆ ಬಸ್ಸಿನ ಪ್ರಯಾಣ ಆಗದ ಕಾರಣ ನಿಶ್ಚಯವನ್ನು ಅವರ ಮನೆಯಲ್ಲೇ ಇಟ್ಟುಕೊಂಡೆವು. ಎಲ್ಲರೂ ಒಪ್ಪಿದ್ದರು, ಅಜ್ಜಿಯೊಬ್ಬರು ಮಾತ್ರ ‘ಪುಣಾದ ಹುಡುಗಿ, ಮನಿ ಕೆಲಸ ಬರ್ತದೋ ಇಲ್ಲೋ’ ಎಂದು ರಾಗ ಎಳೆಯುತ್ತಿದ್ದಾರೆಂಬ ಸುದ್ದಿ ಬಂದಿತ್ತು. ಆದ್ದರಿಂದ ಅಲ್ಲಿ ಯಾವುದೂ ತಪ್ಪಬಾರದು ಎಂದು ಸಾವಿತ್ರಿ ಒಂದು ವಾರದಿಂದ ಬುದ್ಧಿ ಹೇಳುತ್ತಿದ್ದಳು. ಬುದ್ಧಿಯನ್ನು ಹೇಳುತ್ತಿದ್ದುದು ಮಗಳಿಗಲ್ಲ, ನನಗೆ.

ಹೊರಡುವ ಹಿಂದಿನ ಸಂಜೆ ಸಾವಿತ್ರಿ ಹೊಸ ರೆಕ್ಸಿನ್ ಬ್ಯಾಗಿಗೆ ಎಲ್ಲವನ್ನೂ ತುಂಬಿದಳು. ಹುಡುಗನಿಗೆ ಕೊಡುವ ಬಟ್ಟೆ, ಶೋಭಾ ಉಡಬೇಕಾದ ಸೀರೆ, ತೆಂಗಿನಕಾಯಿ, ಅರಿಷಿನ ಕುಂಕುಮ, ಪೇಢೆಯ ಡಬ್ಬಿ. ಆಗಷ್ಟೇ ಬಂದಿದ್ದ ನೈಲಾನ್ ಹಲ್ಲಿನ ಚೈನು ಅದಕ್ಕೂ. ಎಳೆಯುವಾಗ ತಡೆ ಪಟ್ಟನೆ ಹಾರಿತು.

“ಇರ್ಲಿ ಬಿಡ್ರಿ, ಹೂವು ತಂದ ಮ್ಯಾಲೆ ನಾಲ್ಕು ಸುತ್ತು ದಾರ ಹಾಕ್ತೀನಿ,” ಎಂದಳು ಸಾವಿತ್ರಿ. “ನೀವು ಮುಟ್ಟಬ್ಯಾಡ್ರಿ. ಕೇಳಿಸ್ತೇನು? ಮುಟ್ಟಬ್ಯಾಡ್ರಿ.”

ಅವಳು ಹೂವಿಗೆ ಹೋದಳು. ನಾನು ಮುಟ್ಟಿದೆ. ಮಗಳ ನಿಶ್ಚಯದ ಬ್ಯಾಗಿಗೆ ದಾರ ಸುತ್ತಿ ಕಳಿಸುವ ತಂದೆ ನಾನಲ್ಲ. ಆ ದಿನ ಎರಡು ಹಿತ್ತಾಳೆ ಪಟ್ಟಿ ಹಾಕಿದೆ, ಅಂಟಿನ ವಿಷಯದಲ್ಲೂ ಕೈ ಬಿಗಿಹಿಡಿಯಲಿಲ್ಲ. ಮರಳಿ ಬಂದ ಸಾವಿತ್ರಿ ಬ್ಯಾಗು ನೋಡಿದಳು, ಶೋಭಾಳ ಮುಖ ನೋಡಿದಳು, ದೇವರ ಮುಂದೆ ದೀಪ ಹಚ್ಚಿದಳು. ನಿಶ್ಚಯದ ಸಂಭ್ರಮಕ್ಕೆ ಹಚ್ಚಿದಳೆಂದುಕೊಂಡೆ.

ಇಂದಾಪುರದ ಮನೆಯಲ್ಲಿ ನಮಗೆ ಒಳ್ಳೆಯ ಸ್ವಾಗತ ಸಿಕ್ಕಿತು. ಅವಲಕ್ಕಿ, ಚಹಾ ಆದವು. ಅಜ್ಜಿ ಗೋಡೆಗೊರಗಿ, ಕಾಲು ಚಾಚಿ, ತಪಾಸಣೆಗೆ ಕುಳಿತವರಂತೆ ಕುಳಿತಿದ್ದರು. ಆ ಭಂಗಿ ನನಗೆ ಕೂಡಲೇ ಹಿಡಿಸಿತು. ಭಟ್ಟರು, “ಭಾಳ ಹೊತ್ತಿಲ್ರಿ, ಆಮ್ಯಾಲೆ ರಾಹುಕಾಲ ಬರ್ತದ. ಸಾಮಾನು ತಗೀರಿ” ಎಂದರು. ಸಾವಿತ್ರಿ ಬ್ಯಾಗಿಗೆ ಕೈ ಹಾಕುವ ಮೊದಲೇ ನಾನು ಅದನ್ನು ನನ್ನ ಮುಂದೆ ಎಳೆದುಕೊಂಡೆ. ಬೀಗರ ಮುಂದೆ ನನ್ನ ಕೆಲಸವನ್ನು ನಾನೇ ತೆರೆದು ತೋರಿಸುವ ಆಸೆ. ರನ್ನರನ್ನು ಎಳೆದೆ. ಅಲುಗಲಿಲ್ಲ.

ಅಲುಗಲಿಲ್ಲ ಎಂಬ ಸಂಗತಿಯಿಂದ ನನಗೆ ಮೊದಲ ಬಾರಿಗೆ ಸಂತೋಷವಾಗಲಿಲ್ಲ. ಮತ್ತೆ ಎಳೆದೆ. ಬಗ್ಗಿ ನೋಡಿದೆ. ರನ್ನರ್ ಬ್ಯಾಗಿನ ಆ ತುದಿಯಲ್ಲಿತ್ತು. ಅದು ಈಚೆಗೆ ಬಂದರೆ ಬ್ಯಾಗು ತೆರೆಯಬೇಕು. ಈಚೆಗೆ ಬರುವ ದಾರಿಯಲ್ಲಿ ನನ್ನ ಎರಡು ಹಿತ್ತಾಳೆ ಪಟ್ಟಿಗಳು ಪೊಲೀಸರಂತೆ ನಿಂತಿದ್ದವು. ತಡೆ ಇರಬೇಕಾದದ್ದು ರನ್ನರಿನ ಆಚೆ ಬದಿಗೆ. ನಾನು ಈಚೆ ಬದಿಗೆ ಬಿಗಿದಿದ್ದೆ. ರನ್ನರ್ ಓಡಿಹೋಗದಂತೆ ನೋಡಿಕೊಳ್ಳುವ ಭರದಲ್ಲಿ ಅದು ಓಡಾಡುವುದೇ ಬೇಡವೆಂದು ತೀರ್ಪು ಕೊಟ್ಟಿದ್ದೆ.

“ಏನಾತ್ರಿ ಬೀಗರ?” ಎಂದರು ಹುಡುಗನ ತಂದೆ.

“ಏನಿಲ್ರಿ. ಹೊಸಾದದ ನೋಡ್ರಿ, ಸ್ವಲ್ಪ ಬಿಗಿ ಅದ,” ಎಂದೆ.

ಅವರೂ ಬಂದು ಒಂದು ಬದಿ ಹಿಡಿದರು. ನಾನೊಂದು ಬದಿ, ಅವರೊಂದು ಬದಿ, ಬೀಗರಿಬ್ಬರೂ ಮೊದಲ ದಿನವೇ ಹಗ್ಗಜಗ್ಗಾಟ ಆಡಿದೆವು. ಬೆವರು ಬಂತು, ರನ್ನರ್ ಬರಲಿಲ್ಲ. ಅವರು ಒಳಗೆ ಕೂಗಿ, “ಕತ್ರಿ ತಗೊಂಬಾರ್ರಿ, ಬಾಜೂಕ ಕತ್ತರಿಸಿಬಿಡೋಣು” ಎಂದದ್ದೇ ತಡ, ಅಜ್ಜಿಯ ಚಾಚಿದ ಕಾಲು ಮಡಚಿಕೊಂಡಿತು.

“ಯಾವಾಂವ ಅಂವ ಕತ್ರಿ ಅಂದಾಂವ? ಸಂಬಂಧ ಕೂಡಸೂ ಹೊತ್ತಿನ್ಯಾಗ ಕತ್ರಿ ಹೆಸರು ತಗೀತಾರೇನು? ಒಳಗ ಕಾಯಿ ಅದ, ಅರಿಷಿನ ಕುಂಕುಮ ಅದ. ಆ ಚೀಲಕ್ಕ ಕತ್ರಿ ಹಚ್ಚಿದ್ರ ಈ ನಿಶ್ಚಯ ನನಗ ಬ್ಯಾಡ. ಚೀಲ ತಗೊಂಡು ಹೋಗ್ರಿ, ಬಾಯಿ ಬಿಟ್ಟ ಮ್ಯಾಲೆ ಬರ್ರಿ!”

ಭಟ್ಟರು ಗಡಿಯಾರ ನೋಡಿ ಕೆಮ್ಮಿದರು. ಇಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮುಚ್ಚಿದ ಬ್ಯಾಗು ಮತ್ತು ಮದುವೆಯಾಗದ ಮಗಳ ಜೊತೆ ಪುಣೆಯ ಬಸ್ಸಿಗೆ ಕಾಯುತ್ತಿರುವ ನನ್ನ ಚಿತ್ರ ಕಣ್ಣಿಗೆ ಕಟ್ಟಿತು. ಸಾವಿತ್ರಿಯನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಅವಳ ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ.

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ತಲೆ ತಗ್ಗಿಸಿ ಕುಳಿತಿರಬೇಕಾದ ಶೋಭಾ ಹೊರಗೆ ಬಂದಳು. “ಅಪ್ಪಾ, ಸ್ವಲ್ಪ ಸರೀರಿ” ಎಂದಳು. ಮುಡಿಯಿಂದ ಒಂದು ಪಿನ್ನು ಕಿತ್ತು, ಚೈನಿನ ಸರೀ ನಟ್ಟನಡುವೆ ಹಲ್ಲುಗಳ ನಡುವೆ ಚುಚ್ಚಿ, ಒಂದು ಸಲ ತಿರುವಿದಳು. ಚೈನು ಪರ್ರ್ ಎಂದು ಸೀಳಿಕೊಂಡು ಆ ತುದಿಯಿಂದ ಈ ತುದಿಯವರೆಗೆ ಬಾಯಿ ಬಿಟ್ಟಿತು. ನನ್ನ ಪಟ್ಟಿಗಳೂ ರನ್ನರೂ ಮೂಲೆಯಲ್ಲಿ ಒಂದನ್ನೊಂದು ತಬ್ಬಿಕೊಂಡು ನಿಂತಲ್ಲೇ ನಿಂತಿದ್ದವು. ಅವಳು ತೆಂಗಿನಕಾಯಿ ತೆಗೆದು ತಟ್ಟೆಯಲ್ಲಿಟ್ಟು, ಪಿನ್ನನ್ನು ಮತ್ತೆ ಮುಡಿಗೆ ಸಿಕ್ಕಿಸಿಕೊಂಡು, ಮತ್ತೆ ತಲೆ ತಗ್ಗಿಸಿ ಒಳಗೆ ಹೋದಳು.

ಅಜ್ಜಿ ಮಡಚಿದ ಕಾಲನ್ನು ನಿಧಾನವಾಗಿ ಚಾಚಿದರು. “ಗಂಡಸರು ಇಷ್ಟು ಮಂದಿ ಕೂಡಿ ಜಗ್ಗಿದ್ರು. ಕೂಸು ಒಂದ ಪಿನ್ನಿನಾಗ ಮುಗಿಸಿತು. ಮನಿ ಕೆಲಸಾ ಅಂದ್ರ ಇದs ನೋಡ್ರಿ. ಭಟ್ಟರ, ಹೊತ್ತು ಯಾಕ ಕಳೀತೀರಿ? ಸುರು ಮಾಡ್ರಿ,” ಎಂದರು.

ನಿಶ್ಚಯ ರಾಹುಕಾಲಕ್ಕೆ ಮೊದಲೇ ಮುಗಿಯಿತು. ಊಟಕ್ಕೆ ಕುಳಿತಾಗ ಹುಡುಗನ ತಂದೆ ನನ್ನ ಕಿವಿಯ ಹತ್ತಿರ ಬಂದು, “ಬೀಗರ, ಖರೇ ಹೇಳ್ರಿ. ನಮ್ಮವ್ವಗ ಮಗಳ ಹುಷಾರಿ ತೋರಸಾಕ ಬೇಕಂತs ಹಿಂಗ ಮಾಡಿದ್ರಿ ಹೌದಲ್ಲೋ?” ಎಂದು ಕೇಳಿದರು. ನಾನು ಹೋಳಿಗೆಯ ಅಂಚನ್ನು ಪರೀಕ್ಷಿಸುತ್ತ ಸಣ್ಣಗೆ ನಕ್ಕೆ. ದೊಡ್ಡ ಯೋಜನೆ ಹಾಕಿದವರು ಹಾಗೆಯೇ ನಗುತ್ತಾರೆ.

ಮರಳಿ ಬರುವ ಬಸ್ಸಿನಲ್ಲಿ ಶೋಭಾ ಮುಂದಿನ ಸೀಟಿನಲ್ಲಿ ನಿದ್ದೆ ಹೋದಳು. ಸೋಲಾಪುರ ರಸ್ತೆಯ ಕಬ್ಬಿನ ಗಾಡಿಗಳನ್ನು ದಾಟಿ ಬಸ್ಸು ಓಡುತ್ತಿತ್ತು. ನನಗೆ ಒಂದು ಸಂಶಯ ಕೊರೆಯುತ್ತಿತ್ತು. “ಅಲ್ಲs, ಆ ಪಿನ್ನಿನ ಉಪಾಯ ಶೋಭಾಗ ಒಮ್ಮಿಂದೊಮ್ಮೆ ಹ್ಯಾಂಗ ಹೊಳೀತು?” ಎಂದು ಸಾವಿತ್ರಿಯನ್ನು ಕೇಳಿದೆ.

“ಒಮ್ಮಿಂದೊಮ್ಮೆ ಯಾಕ ಹೊಳೀತದ್ರಿ? ಆಕಿ ಕಾಲೇಜಿನ ಬ್ಯಾಗನೂ ಹಂಗs ತಗದಿದ್ಲು. ನನ್ನ ಪರ್ಸನೂ ಹಂಗs. ಮ್ಯಾಲಿನ ಕಾಕುಗೂ ನಾವs ಕಲಿಸಿಕೊಟ್ಟೀವಿ.”

ಶೋಭಾ ತನ್ನ ಕಾಲೇಜಿನ ಬ್ಯಾಗಿಗೆ ಅಡ್ಡಲಾಗಿ ಒಂದು ಕೆಂಪು ರಿಬ್ಬನ್ ಕಟ್ಟಿಕೊಂಡು ಓಡಾಡುತ್ತಿದ್ದುದು ನೆನಪಾಯಿತು. ನಾನು ಅದನ್ನು ಈಗಿನ ಕಾಲದ ಫ್ಯಾಶನ್ ಎಂದು ಸಹಿಸಿಕೊಂಡಿದ್ದೆ.

“ಒಂದು ಮಾತು ಹೇಳಬಾರದಿತ್ತೇನು?” ಎಂದೆ.

“ಹೇಳಿದ್ರ ನೀವು ಇನ್ನೊಂದು ಹಾಕ್ತಿದ್ರಿ,” ಎಂದಳು. ಆಗ ಅವಳ ಭುಜ ಮತ್ತೆ ಅಲ್ಲಾಡತೊಡಗಿತು. ಆ ಮನೆಯಲ್ಲಿ ಅವಳು ಅತ್ತಿರಲಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು.

ರನ್ನರ್ ಓಡದ ಮೇಲೆ ತೆರೆದ ಚೈನನ್ನು ಮತ್ತೆ ಮುಚ್ಚುವ ದಾರಿಯೂ ಇರಲಿಲ್ಲ. ಒಳಗೆ ಬೀಗರು ಶೋಭಾಳಿಗೆ ತುಂಬಿದ ಉಡಿಯ ಅಕ್ಕಿ, ಉಂಡಿ, ಬಾಳೆಹಣ್ಣು. ಬಸ್ಸು ಒಂದೊಂದು ಗುಂಡಿಗೆ ಇಳಿದಾಗಲೂ ಅವೆಲ್ಲ ಒಟ್ಟಿಗೆ ಮೇಲೆದ್ದು ಹೊರಗೆ ಇಣುಕುತ್ತಿದ್ದವು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯನ್ನು ನಾನು ಎರಡೂ ಕೈಯಿಂದ ಒತ್ತಿ ಹಿಡಿದು ಕುಳಿತಿದ್ದೆ. ಕಂಡಕ್ಟರು ಬಂದು ಟಿಕೆಟ್ ಕೇಳಿದ. ಕೈ ಬಿಡುವಂತಿರಲಿಲ್ಲ. ಅವನು ನನ್ನನ್ನೂ ಬ್ಯಾಗನ್ನೂ ನೋಡಿ, “ಕಾಯ ಕಾಕಾ, ಬ್ಯಾಗೇಲಾ ಚೈನ್ ನಾಹೀ ಕಾ?” ಎಂದ. ಬ್ಯಾಗಿಗೆ ಚೈನೇ ಇಲ್ಲವೇ ಎಂದು ಅವನ ಪ್ರಶ್ನೆ.

ನಾನು ಬಾಯಿ ತೆರೆಯುವ ಮೊದಲೇ ಸಾವಿತ್ರಿ ನನ್ನ ಅಂಗಿಯ ಜೇಬಿಗೆ ಕೈ ಹಾಕಿ ದುಡ್ಡು ತೆಗೆಯುತ್ತ, “ಆಹೇ ನಾ ಭಾವೂ,” ಎಂದಳು, “ಸಾಹೇಬಾಂನೀ ಪಾಸ್ ಕೇಲೇಲೀ ಆಹೇ.” ಇದೆಯಪ್ಪ, ಸಾಹೇಬರೇ ಪಾಸು ಮಾಡಿದ್ದಾರೆ.

ಅವನು ತಲೆದೂಗಿ ಮುಂದೆ ಹೋದ. ಸಾವಿತ್ರಿ ಟಿಕೆಟ್ಟುಗಳನ್ನು ನನ್ನ ಜೇಬಿಗೆ ಸೇರಿಸಿ, ಕನ್ನಡಕ್ಕೆ ಮರಳಿ, “ಸಡಿಲ ಬಿಡಬ್ಯಾಡ್ರಿ, ಉಂಡಿ ಉಳ್ಳತಾವ,” ಎಂದು ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ನಾನು ಸ್ವಾರಗೇಟಿನವರೆಗೆ ಸ್ವಲ್ಪವೂ ಅಲುಗಲಿಲ್ಲ.